ಚಿಕ್ಕ ಕೋಣೆಯ ಉತ್ತರದ ಗೋಡೆ

ಐರ್ಲೆಂಡಿನ ಕಾರ್ಕ್ ನಗರದ ಡಗ್ಲಸ್ ಬಡಾವಣೆಯ ಆ ಬಾಡಿಗೆ ಮನೆಯ ಮಹಡಿಯಲ್ಲಿ ಮೂರು ಕೋಣೆಗಳಿವೆ. ಮೂರನೆಯದನ್ನು ಕೋಣೆ ಎನ್ನುವುದು ಸೌಜನ್ಯದ ಮಾತು. ಒಂದು ಮಂಚ, ಒಂದು ಬಟ್ಟೆ ಕಪಾಟು ಇಟ್ಟ ಮೇಲೆ ಉಳಿಯುವ ಜಾಗದಲ್ಲಿ ಅಡ್ಡ ತಿರುಗಿಯೇ ನಡೆಯಬೇಕು. 2020ರ ನವೆಂಬರಿನಲ್ಲಿ ಆ ಕೋಣೆಯ ಉತ್ತರದ ಗೋಡೆಯ ಮೇಲೆ, ಛಾವಣಿಯ ಮೂಲೆಯಿಂದ ಒಂದು ಗೇಣು ಕೆಳಗೆ, ಅಂಗೈಯಗಲ ತೇವದ ಕಲೆ ಮೂಡಿತು. ಕ್ರಿಸ್‌ಮಸ್ ಹೊತ್ತಿಗೆ ಅದು ಊಟದ ತಟ್ಟೆಯಷ್ಟಾಗಿ, ಅಂಚಿನಲ್ಲಿ ಕಪ್ಪು ಚುಕ್ಕೆಗಳ ಬೂಷ್ಟು ಹಿಡಿಯಿತು.

ಆ ಕೋಣೆಯಲ್ಲಿ ಮಲಗುತ್ತಿದ್ದವಳು ಡಾಕ್ಟರ್ ನೀಲಾ. ಕಾರ್ಕ್‌ನ ಒಂದು ಸರ್ಕಾರಿ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಅವಳ ಕೆಲಸ. ಕಲೆಯ ಕಾರಣ ಹುಡುಕಲು ಹೊರಟವನು ಅವಳ ಗಂಡ ಚಂದ್ರಕಾಂತ. ಇದು ಅವನ ಕಥೆ. ನಡೆದದ್ದನ್ನು ಅವನೇ ನನಗೆ ಹೇಳಿದ್ದು. ಅವನು ತನ್ನನ್ನು ಅಗತ್ಯಕ್ಕಿಂತ ಹೆಚ್ಚು ಬೈದುಕೊಂಡ ಕಡೆಗಳಲ್ಲಿ ನೀಲಾ ತಿದ್ದಿದ್ದಾಳೆ.

ಚಂದ್ರಕಾಂತ ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವನು. ಓದು ಮುಗಿದ ಮೇಲೆ ಏಳು ವರ್ಷ ಒಬ್ಬ ಕಂಟ್ರಾಕ್ಟರ್ ಬಳಿ ಸೈಟ್ ಎಂಜಿನಿಯರ್ ಆಗಿದ್ದ. ಮನೆ ಸೋರುತ್ತದೆ ಎಂದು ಯಾರಾದರೂ ದೂರು ತಂದರೆ ಕಂಟ್ರಾಕ್ಟರ್ ಇವನನ್ನೇ ಕಳಿಸುತ್ತಿದ್ದ. ತಾರಸಿಯಲ್ಲಿ ಬಿರುಕು, ಹೊರಗೋಡೆಯ ಗಾರೆಯಲ್ಲಿ ಸಂದು, ಇಲ್ಲವೇ ನೀರು ಹೀರಿದ ಪಾಯ. ಈ ಮೂರರಲ್ಲಿ ಒಂದು ಇದ್ದೇ ಇರುತ್ತಿತ್ತು. ನೀರು ಹೊರಗಿನಿಂದ ಒಳಗೆ ಬರುತ್ತದೆ. ಬರುವ ದಾರಿ ಹುಡುಕಿ ಮುಚ್ಚಬೇಕು. ಇಷ್ಟೇ ಅವನು ಕಲಿತ ಪಾಠ, ಮತ್ತು ಮೈಸೂರಿನಲ್ಲಿ ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ.

2012ರಲ್ಲಿ ನೀಲಾಳಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಆಗ ಡಾಕ್ಟರ್ ಒಬ್ಬಳ ಗಂಡನಾಗಿ ಬಂದವನಿಗೆ ಕೆಲಸದ ಪರವಾನಗಿ ಸುಲಭವಾಗಿ ಸಿಗುತ್ತಿರಲಿಲ್ಲ. ಸಿಗುವ ಕಾಲ ಬಂದಾಗ ಎಲ್ಲ ಕಚೇರಿಗಳೂ ಸ್ಥಳೀಯ ಅನುಭವ ಕೇಳಿದವು. ಕೆಲಕಾಲ ಶಾಪಿಂಗ್ ಸೆಂಟರಿನ ಅಂಗಡಿಯೊಂದರಲ್ಲಿ ಬೆಳಗಿನ ಜಾವ ಹಾಲಿನ ಡಬ್ಬಿಗಳನ್ನು ಜೋಡಿಸಿದ. ಮಗಳು ಅದಿತಿ ಹುಟ್ಟಿದ ಮೇಲೆ ಅದನ್ನೂ ಬಿಟ್ಟು ಮನೆ ನೋಡಿಕೊಂಡ. ಅವಳನ್ನು ಶಾಲೆಗೆ ಸೇರಿಸಿದ ವರ್ಷ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಎಂಜಿನಿಯರ್ ಎಂದು ಬರೆದಿದ್ದ. ಮರುವರ್ಷ ಆ ಜಾಗವನ್ನು ಖಾಲಿ ಬಿಟ್ಟ. ಯಾರೂ ಕೇಳಲಿಲ್ಲ.

2020ರ ಮಾರ್ಚಿನಲ್ಲಿ ವಾರ್ಡು ತುಂಬತೊಡಗಿದಾಗ, ನೀಲಾ ಮನೆಯವರಿಂದ ದೂರ ಇರಬೇಕಾಯಿತು. ಚಂದ್ರಕಾಂತ ಅದನ್ನು ಒಂದು ಸೈಟಿನ ಕೆಲಸದಂತೆ ಯೋಜಿಸಿದ. ಮೂಟೆ ಪೆಟ್ಟಿಗೆ ತುಂಬಿದ್ದ ಚಿಕ್ಕ ಕೋಣೆಯನ್ನು ಖಾಲಿ ಮಾಡಿ ಅವಳಿಗೆ ಮಂಚ ಹಾಕಿದ. ಕೆಲಸದಿಂದ ಬಂದವಳು ಯಾರನ್ನೂ ಮುಟ್ಟದೆ ಮೇಲೆ ಹೋಗಿ ಸ್ನಾನ ಮಾಡಬೇಕು. ಅವಳ ಬಟ್ಟೆಗಳನ್ನು ಬೇರೆಯಾಗಿ ಒಗೆದು, ಅವಳ ಕೋಣೆಯಲ್ಲೇ ಸ್ಟ್ಯಾಂಡಿನ ಮೇಲೆ ಒಣಗಿಸಬೇಕು. ಉಳಿದವರ ಬಟ್ಟೆಗೆ ತಾಗಕೂಡದು. ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಟವಲ್ ಒತ್ತಬೇಕು. ತಲೆಯ ಮೇಲೆ ತಣ್ಣನೆ ಗಾಳಿ ಬೀಳುತ್ತದೆ ಎಂದು ನೀಲಾ ಹೇಳಿದ ದಿನವೇ, ಗೋಡೆಯ ಮೇಲ್ಭಾಗದಲ್ಲಿದ್ದ ಗುಂಡನೆಯ ಕಿಂಡಿಗೆ ಥರ್ಮಾಕೋಲ್ ತುಂಬಿ, ಪುಟ್ಟಿ ಹಚ್ಚಿ, ಗೋಡೆಯ ಬಣ್ಣವನ್ನೇ ಬಳಿದ. ಕಿಂಡಿ ಇದ್ದ ಗುರುತೂ ಉಳಿಯಲಿಲ್ಲ. ಅವನ ಕೈಕೆಲಸ ಅಚ್ಚುಕಟ್ಟು.

ಇದಕ್ಕೆ ಮೈಸೂರಿನಿಂದ ಒಂದು ಸೇರ್ಪಡೆಯಾಯಿತು. ನೀಲಾಳ ತಾಯಿ ಶಕುಂತಲಮ್ಮನವರು ದಿನಕ್ಕೆ ಮೂರು ಸಲ ಹಬೆ ತೆಗೆದುಕೊಳ್ಳಬೇಕೆಂದು ಆಜ್ಞೆ ಮಾಡಿದರು. ಆ ವರ್ಷ ಊರಲ್ಲಿ ಎಲ್ಲರ ಮನೆಯಲ್ಲೂ ನೀಲಗಿರಿ ಎಣ್ಣೆ ಹಾಕಿದ ನೀರು ಕುದಿಯುತ್ತಿತ್ತು. ನೀಲಾ ತನ್ನ ರೋಗಿಗಳಿಗೆ ಹಬೆಯ ಮಾತು ಎಂದೂ ಆಡಿದವಳಲ್ಲ. ಆದರೆ ತಾಯಿ ವಿಡಿಯೊ ಕಾಲ್ ಮಾಡಿ ಕಾಯುತ್ತ ಕೂತಿರುತ್ತಿದ್ದರು.

"ನೀಲೂ, ಟವಲ್ ಸರಿಯಾಗಿ ಮುಚ್ಕೊ. ಹಬೆಯೆಲ್ಲಾ ಪಕ್ಕದಿಂದ ಹೋಗ್ತಾ ಇದೆ ನೋಡು."

"ಅಮ್ಮಾ, ನಾನು ಡಾಕ್ಟರು."

"ಗೊತ್ತು ಕಣೇ, ಫೀಸ್ ಕಟ್ಟಿದ್ದು ನಾವೇ. ಇನ್ನೂ ಐದು ನಿಮಿಷ."

ಬೇಸಿಗೆಯಲ್ಲಿ ಕಿಟಕಿ ತೆರೆದಿತ್ತು, ಏನೂ ಆಗಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಚಳಿಗೆ ಕಿಟಕಿ ಮುಚ್ಚಿದರು. ನವೆಂಬರಿನಲ್ಲಿ ಕಲೆ ಬಂತು. ಡಿಸೆಂಬರಿನಲ್ಲಿ ನೀಲಾಳಿಗೆ ಕೆಮ್ಮು ಹಿಡಿಯಿತು.

ಆ ಚಳಿಗಾಲದಲ್ಲಿ ಡಾಕ್ಟರು ಕೆಮ್ಮಿದರೆ ಅದು ಅವಳೊಬ್ಬಳ ಕೆಮ್ಮಲ್ಲ. ಪ್ರತಿ ಸಲ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಫಲಿತಾಂಶ ಬರುವವರೆಗೆ ಮನೆಯಲ್ಲಿರಬೇಕು. ಮೂರು ಸಲ ಪರೀಕ್ಷೆಯಾಯಿತು, ಮೂರು ಸಲವೂ ಕೋವಿಡ್ ಇಲ್ಲವೆಂದು ಬಂತು. ಮನೆಯಲ್ಲಿದ್ದಾಗ ಕೆಮ್ಮು ಹೆಚ್ಚಾಗುತ್ತಿತ್ತು, ಕೆಲಸಕ್ಕೆ ಹೋದಾಗ ಇಳಿಯುತ್ತಿತ್ತು. ಜನವರಿಯಲ್ಲಿ ಶಾಲೆಗಳು ಮತ್ತೆ ಮುಚ್ಚಿದ್ದರಿಂದ ಏಳು ವರ್ಷದ ಅದಿತಿ ತಾಯಿಯ ಬಾಗಿಲ ಹೊರಗೆ, ಟವಲಿನ ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ಒಳಗಿನಿಂದ ಕೆಮ್ಮು ಕೇಳಿದಾಗ ತಂದೆಗೆ ವರದಿ ಒಪ್ಪಿಸುತ್ತಿದ್ದಳು, ಕಾರ್ಕ್‌ನ ಏರಿಳಿಯುವ ಇಂಗ್ಲಿಷಿನ ರಾಗದಲ್ಲಿ: "ಅಪ್ಪಾ, ಅಮ್ಮ ಸೀಲ್ ಪ್ರಾಣಿ ಥರ ಸೌಂಡ್ ಮಾಡ್ತಿದಾಳೆ. ಆದ್ರೆ ಕೇಳಿದ್ರೆ ಐಯಾಮ್ ಗ್ರ್ಯಾಂಡ್, ಚೆನ್ನಾಗಿದೀನಿ ಅಂತಾಳೆ."

ಚಂದ್ರಕಾಂತ ಮನೆಯೊಡತಿಗೆ ಫೋನ್ ಮಾಡಿದ. ಮಿಸೆಸ್ ಹಾರ್ಗನ್‌ಗೆ ಎಪ್ಪತ್ತನಾಲ್ಕು ವರ್ಷ. ಒಂದೂವರೆ ಕಿಲೋಮೀಟರ್ ಆಚೆ ಒಬ್ಬರೇ ಇದ್ದರು. ಎಪ್ಪತ್ತು ದಾಟಿದವರು ಮನೆಯೊಳಗೇ ಇರಬೇಕೆಂದು ಸರ್ಕಾರ ಹೇಳಿದ್ದರಿಂದ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಆಕೆಯ ದಿವಂಗತ ಪತಿ ಟೆಡ್ ಮೇಸ್ತ್ರಿ. ಎರಡೂ ಮನೆಗಳನ್ನು ತನ್ನ ಕೈಯಿಂದಲೇ ಕಟ್ಟಿದವನು.

"ಕಲೆಯಾ?" ಎಂದರು ಆಕೆ. "ಕಿಟಕಿ ತೆಗೀತೀರೋ ಇಲ್ವೋ? ನಿಮ್ಮ ಜನ ಇಡೀ ದಿನ ಏನೋ ಕುದಿಸ್ತಾ ಇರ್ತೀರಿ ಅಂತ ಕೇಳಿದೀನಿ. ಟೆಡ್ ಕಟ್ಟಿದ ಗೋಡೆ ಅದು. ನಲವತ್ತು ವರ್ಷದಲ್ಲಿ ಒಂದು ಕಲೆ ಇಲ್ಲ."

ನಿಮ್ಮ ಜನ ಎಂಬ ಮಾತು ಅವನಿಗೆ ನಾಟಿತು. ಉಳಿದದ್ದು ಕಿವಿಗೆ ಬೀಳಲಿಲ್ಲ. ಅವನ ದೊಡ್ಡ ತಪ್ಪು ಇಲ್ಲೇ ಆದದ್ದು ಎಂದು ನನ್ನ ಅಭಿಪ್ರಾಯ. ಹೇಳಿದ ರೀತಿ ಒರಟಾಗಿದ್ದರೂ ಹೇಳಿದ್ದರಲ್ಲಿ ಸತ್ಯವಿರಬಹುದೆಂದು ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

ಹೊರಗೆ ಹೋಗಿ ಆ ಕೋಣೆಯ ಬದಿಗೋಡೆಯನ್ನು ನೋಡಿದ. ಗಾರೆಯಲ್ಲಿ ಕೂದಲೆಳೆಯಂಥ ಬಿರುಕೊಂದು ಕಂಡಿತು. ಅವನಿಗೆ ಅಷ್ಟೇ ಸಾಕಾಯಿತು. ಎರಡು ದಿನ ಕೂತು ನಾಲ್ಕು ಪುಟದ ವರದಿ ಬರೆದ. ಗೋಡೆಯ ಅಡ್ಡಕೊಯ್ತದ ಚಿತ್ರ, ಬಾಣದ ಗುರುತುಗಳು, ಬಿರುಕಿನ ಫೋಟೊಗಳು. ಗಾಳಿಯೊಂದಿಗೆ ಬಡಿಯುವ ಮಳೆ ಬಿರುಕಿನಿಂದ ಒಳಹೊಕ್ಕು, ಎರಡು ಪದರದ ಗೋಡೆಯ ನಡುವಿನ ಖಾಲಿ ಜಾಗದಲ್ಲಿ, ಕಟ್ಟುವಾಗ ಬಿದ್ದು ಉಳಿದ ಗಾರೆಯ ಮೂಲಕ ಒಳಗೋಡೆಗೆ ದಾಟುತ್ತಿದೆ. ಬದಿಗೋಡೆಯ ಗಾರೆಯನ್ನೆಲ್ಲ ಕೆತ್ತಿ ಹೊಸದಾಗಿ ಮಾಡಬೇಕು. ಕೆಳಗೆ ಪೂರ್ತಿ ಹೆಸರು, ಪದವಿ, ಸಹಿ. ಎಂಟು ವರ್ಷಗಳಲ್ಲಿ ಅವನು ಆ ಪದವಿಯನ್ನು ಹೆಸರಿನ ಕೆಳಗೆ ಬರೆದದ್ದು ಅಂದೇ.

ಮಿಸೆಸ್ ಹಾರ್ಗನ್‌ರ ಫೋನ್ ಬರಲು ವಾರ ಹಿಡಿಯಿತು. ಧ್ವನಿ ಬದಲಾಗಿತ್ತು.

"ನೀವು ಎಂಜಿನಿಯರ್ ಅಂತ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಅದೂ ನಿಜ. ನೋಡಿ, ಡೊನಾಲ್‌ಗೆ ತೋರಿಸ್ದೆ. ನನ್ನ ತಂಗಿ ಮಗ. ಹಳೇ ಮನೆಗಳನ್ನ ನೋಡಿ ರಿಪೋರ್ಟ್ ಬರೆಯೋದು, ರಿಪೇರಿ ಮಾಡ್ಸೋದು ಅವನ ಕಸುಬು. ಇಷ್ಟು ಚೆನ್ನಾಗಿ ಬರೆಯೋರು ತನ್ನ ಆಫೀಸಲ್ಲೇ ಇಲ್ಲ ಅಂದ. ಸೋಮವಾರ ಗೋಡೆ ಹತ್ತೋಕೆ ಸಾರವೆ ಕಟ್ಟೋರನ್ನ ಕರ್ಕೊಂಡು ಬರ್ತಾನೆ. ನಿಮ್ಮ ಹತ್ರ ಕೆಲಸದ ಮಾತೂ ಆಡ್ಬೇಕಂತೆ." ಆಮೇಲೆ ಹೇಳಿದರು: "ಟೆಡ್ ಗೋಡೆಯೊಳಗೆ ಗಾರೆ ಬೀಳಿಸಿ ಹಾಗೇ ಬಿಟ್ಟಿದ್ದ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

ಲಾಕ್‌ಡೌನಿನಲ್ಲಿ ಮನೆಗಳ ತುರ್ತು ರಿಪೇರಿಗೆ ಮಾತ್ರ ಅನುಮತಿಯಿತ್ತು. ಅದು ತುರ್ತು ಎನ್ನಿಸಿಕೊಂಡದ್ದು ಚಂದ್ರಕಾಂತನ ವರದಿಯಿಂದ. ಅವನು ಆ ಸಂಜೆ ಬೇಳೆಹೋಳಿಗೆ ಮಾಡಿದ. ಒಂದು ತಟ್ಟೆಯಲ್ಲಿ ಎರಡಿಟ್ಟು ಚಿಕ್ಕ ಕೋಣೆಯ ಬಾಗಿಲ ಹೊರಗಿಟ್ಟು, ತಟ್ಟಿ, ಹಿಂದೆ ಸರಿದ.

"ಏನ್ರೀ ಹಬ್ಬ?" ಎಂದಳು ನೀಲಾ ಒಳಗಿನಿಂದ.

"ಸೋಮವಾರ ಇಂಟರ್‌ವ್ಯೂ ಕಣೇ. ಗೋಡೆ ಪಕ್ಕ ನಿಂತ್ಕೊಂಡೇ."

ಬಾಗಿಲು ತೆರೆಯಿತು, ತಟ್ಟೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಅವಳು ಅತ್ತಳೆಂದು ಅವನು ಹೇಳುತ್ತಾನೆ. ಹೋಳಿಗೆ ತಿನ್ನುತ್ತಿದ್ದೆ ಎಂದು ಅವಳು ಹೇಳುತ್ತಾಳೆ.

ಗುರುವಾರ ಅವನ ಗೆಳೆಯ ಮಧುಸೂದನ ಬಂದ. ಅವನಿಗೆ ಹತ್ತಿರದ ರಿಂಗಾಸ್ಕಿಡಿ ಎಂಬ ಊರಿನ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ. ಕಾರ್ಖಾನೆ ನಡೆಯುತ್ತಿದ್ದುದರಿಂದ ಓಡಾಟಕ್ಕೆ ತಡೆಯಿರಲಿಲ್ಲ. ದಾರಿಯಲ್ಲಿ ಕಾರು ನಿಲ್ಲಿಸಿ, ಗಾಳಿಯ ತೇವ ಅಳೆಯುವ ಅಂಗೈಯಷ್ಟು ದೊಡ್ಡ ಮೀಟರೊಂದನ್ನು ಬಾಗಿಲ ಮೆಟ್ಟಿಲ ಮೇಲಿಟ್ಟು, ಎರಡು ಮೀಟರ್ ದೂರದಲ್ಲಿ ಕಾರಿಗೆ ಒರಗಿ ನಿಂತ.

"ರಿಪೋರ್ಟ್ ಓದ್ದೆ ಗುರೂ. ಮದುವೆ ಕಾಗದ ಇದ್ದ ಹಾಗಿದೆ, ಅಷ್ಟು ಚೆಂದ. ಡೇಟಾ ಎಲ್ಲಿ?"

"ಬಿರುಕಿನ ಫೋಟೊ ಇದೆಯಲ್ಲೋ."

"ಬಿರುಕು ನನ್ನ ಹಿಮ್ಮಡೀಲೂ ಇದೆ. ಅದರಿಂದ ಮಳೆ ಬರ್ತಾ ಇದೆಯಾ?"

"ಎಂಟು ವರ್ಷ ಇಲ್ಲದ ಎಂಜಿನಿಯರಿಂಗ್ ಇವತ್ತು ಬಂದಿದೆ, ನೀನು ಕಲ್ಲು ಹಾಕ್ಬೇಡ."

"ಕಲ್ಲು ಹಾಕ್ತಿಲ್ವೋ. ಸೋಮವಾರ ಆ ಡೊನಾಲ್ ತೇವದ ನಂಬರ್ ಎಷ್ಟು ಅಂತ ಕೇಳ್ದಾಗ ನೀನು ಪಿಳಿಪಿಳಿ ಕಣ್ಬಿಡಬಾರ್ದು ಅಂತ ಇದನ್ನ ತಂದೆ. ನಮ್ಮಲ್ಲಿ ಒಂದು ಬ್ಯಾಚ್ ಕೆಟ್ರೆ ಮೊದಲು ಎರಡೇ ಪ್ರಶ್ನೆ. ಏನು ಬದಲಾಯ್ತು? ಯಾವತ್ತಿಂದ? ಅದಕ್ಕೆ ಉತ್ತರ ಬರೆಯೋವರೆಗೂ ಕಾರಣ ಅನ್ನೋ ಜಾಗ ಖಾಲಿ ಬಿಡ್ಬೇಕು. ಮತ್ತೆ, ಅಡುಗೆಮನೆ ಫಾಯಿಲ್ ಹಾಳೆ ಇದೆಯಾ? ಒಂದು ಚೌಕ ಕತ್ತರಿಸಿ ಕಲೆ ಮೇಲೆ ಇಡು, ನಾಲ್ಕೂ ಅಂಚಿಗೆ ಟೇಪ್ ಹಾಕು. ಎರಡು ದಿನ ಬಿಟ್ಟು ನೋಡು. ಗೋಡೆ ಕಡೆ ಮುಖ ಒದ್ದೆಯಾಗಿದ್ರೆ ನೀರು ಗೋಡೆಯಿಂದ ಬರ್ತಿದೆ, ನೀನು ಗೆದ್ದೆ. ಕೋಣೆ ಕಡೆ ಮುಖ ಒದ್ದೆಯಾಗಿದ್ರೆ..."

"ಆಗಲ್ಲ."

"ಆಗದಿದ್ರೆ ಒಳ್ಳೇದೇ. ಹೋಳಿಗೆ ಉಳಿದಿದೆಯಾ?"

ನೀಲಾ ಕೆಲಸಕ್ಕೆ ಹೋಗಿದ್ದಾಗ ಚಂದ್ರಕಾಂತ ಮಾಸ್ಕ್ ಹಾಕಿಕೊಂಡು ಕೋಣೆಗೆ ಹೋಗಿ ಫಾಯಿಲ್ ಅಂಟಿಸಿದ. ಮೀಟರನ್ನು ಮಂಚದ ಪಕ್ಕ ಇಟ್ಟ. ಶನಿವಾರ ಮಧ್ಯಾಹ್ನ ಹೋಗಿ ನೋಡಿದ. ಫಾಯಿಲಿನ ಹೊರಮುಖದ ಮೇಲೆ, ಕೋಣೆಯ ಕಡೆಗೆ, ಹನಿಗಳು ಸಾಲಾಗಿ ನಿಂತಿದ್ದವು. ಟೇಪ್ ಬಿಚ್ಚಿ ಹಿಂದಿನ ಮುಖ ಮುಟ್ಟಿದ. ಅದು ಪೂರ್ತಿ ಒಣಗಿತ್ತು. ಮೀಟರು ಗಾಳಿಯ ತೇವ ಶೇಕಡಾ ಎಂಬತ್ತೆಂಟು ಎಂದು ತೋರಿಸುತ್ತಿತ್ತು. ಕೆಳಗಿನ ಕೋಣೆಯಲ್ಲಿ ಅದೇ ಮೀಟರು ಐವತ್ತೈದು ತೋರಿಸಿತ್ತು.

ಆದರೂ ಅವನು ಒಪ್ಪಲಿಲ್ಲ. ಟೇಪ್ ಸರಿಯಾಗಿ ಹಿಡಿದಿಲ್ಲವೇನೋ ಎಂದುಕೊಂಡ. ಆಗ ನೆನಪಾದದ್ದು ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳು. ಕ್ರಿಸ್‌ಮಸ್‌ಗೆ ಮೊದಲಿನಿಂದ, ಮೂರು ದಿನಕ್ಕೊಮ್ಮೆ ಅವನು ಕಲೆಯ ಅಂಚಿನ ಸುತ್ತ ಗೆರೆ ಎಳೆದು ತಾರೀಕು ಬರೆಯುತ್ತಿದ್ದ. ಅದು ಸೈಟಿನ ಅಭ್ಯಾಸ. ಮಳೆ ಬಂದ ದಿನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದ. ಎರಡನ್ನೂ ಒಟ್ಟಿಗಿಟ್ಟು ನೋಡಿರಲಿಲ್ಲ. ಉತ್ತರ ಗೊತ್ತಿದೆಯೆಂದು ನಂಬಿದವನು ಲೆಕ್ಕ ತಾಳೆ ನೋಡುವುದಿಲ್ಲ.

ಈಗ ಮಂಚದ ಮೇಲೆ ನಿಂತು ನೋಡಿದ. ಜನವರಿಯ ಮೊದಲ ವಾರ ಒಂದು ಹನಿ ಮಳೆಯಿರಲಿಲ್ಲ. ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕೆರೆಯಬೇಕಾಗುತ್ತಿತ್ತು. ಆ ವಾರವೇ ಕಲೆ ನಾಲ್ಕು ಬೆರಳು ಬೆಳೆದಿತ್ತು. ಆಮೇಲೆ ಮೂರು ದಿನ ಬಿಡದೆ ಗಾಳಿಮಳೆ ಹೊಡೆದಿತ್ತು, ಹವೆ ಮಾತ್ರ ಬೆಚ್ಚಗಿತ್ತು. ಆ ದಿನಗಳ ಎರಡು ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಮಳೆಯಲ್ಲಿ ನಿಂತ ಕಲೆ, ಚಳಿಯಲ್ಲಿ ಬೆಳೆದಿತ್ತು. ಮಳೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಏನು ಬದಲಾಯ್ತು, ಯಾವತ್ತಿಂದ. ಅವನು ಕೋಣೆಯ ಸುತ್ತ ನೋಡಿದ. ಸ್ಟ್ಯಾಂಡಿನ ಮೇಲೆ ಎರಡು ಜೊತೆ ಒದ್ದೆ ಬಟ್ಟೆ. ಮೇಜಿನ ಮೇಲೆ ಹಬೆಯ ಕೆಟಲ್, ನೀಲಗಿರಿ ಎಣ್ಣೆ. ಬಾಗಿಲಲ್ಲಿ ಟವಲ್. ಮುಚ್ಚಿದ ಕಿಟಕಿ. ಒಳಗೆ ರಾತ್ರಿಯಿಡೀ ಉಸಿರಾಡುವ ಒಬ್ಬ ಹೆಂಗಸು. ಈ ನೀರೆಲ್ಲ ಎಲ್ಲಿಗೆ ಹೋಗಬೇಕು? ಹೋಗಲೆಂದೇ ಟೆಡ್ ಹಾರ್ಗನ್ ಒಂದು ಕಿಂಡಿ ಬಿಟ್ಟಿದ್ದ. ಕಿಂಡಿ ಮುಚ್ಚಿಹೋಗಿದ್ದರಿಂದ ಆ ನೀರು ಮನೆಯ ಅತಿ ತಣ್ಣನೆಯ ಗೋಡೆಯನ್ನು ಹುಡುಕಿಕೊಂಡು ಹೋಗಿ ಹನಿಯಾಗಿ ಕೂತಿತ್ತು, ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಮೇಲೆ ಕೂರುವಂತೆ. ಮೈಸೂರಿನ ಗೋಡೆಗಳು ಅಷ್ಟು ತಣ್ಣಗಾಗುವುದೇ ಇಲ್ಲ. ಅಲ್ಲಿ ನೀರು ಒಳಗಿನಿಂದ ಬರುವುದನ್ನು ಅವನು ನೋಡಿಯೇ ಇರಲಿಲ್ಲ.

ಅವನು ಬಣ್ಣದ ಮೇಲೆ ಬೆರಳಾಡಿಸಿ, ತಾನೇ ಅಡಗಿಸಿದ್ದ ವೃತ್ತವನ್ನು ಹುಡುಕಿ, ಚಾಕುವಿನಿಂದ ಪುಟ್ಟಿ ಕೆತ್ತಿದ. ಥರ್ಮಾಕೋಲ್ ಹೊರಬಂದಾಗ ಅದರ ಹಿಂಭಾಗ ಕಪ್ಪಾಗಿತ್ತು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಟವಲನ್ನು ಬಾಗಿಲಿನಿಂದ ತೆಗೆದ.

ನೀಲಾ ಏಳು ಗಂಟೆಗೆ ಬಂದಳು. ಅವನು ಮೆಟ್ಟಿಲ ಬುಡದಲ್ಲಿ, ಅವಳು ಮೇಲಿನ ಮೆಟ್ಟಿಲ ಮೇಲೆ, ಇಬ್ಬರೂ ಮಾಸ್ಕ್ ಹಾಕಿಕೊಂಡು ಮಾತಾಡಿದರು.

"ನಾನೇ ಕಣೇ ಮಾಡಿದ್ದು. ಮಳೆ ಅಲ್ಲ. ನಿಂಗೆ ಚಳಿಯಾಗ್ಬಾರ್ದು ಅಂತ ಕಿಂಡಿ ಮುಚ್ಚಿದ್ನಲ್ಲ, ಅದೇ. ನಿನ್ನ ಕೆಮ್ಮೂ ಆ ಬೂಷ್ಟಿಂದಲೇ."

ಅವಳು ಕಿಂಡಿ ನೋಡಿ ಬಂದು ಮೆಟ್ಟಿಲ ಮೇಲೆ ಕೂತಳು. "ಹಬೆ ತಗೊಂಡಿದ್ದು ನಾನು. ಡಾಕ್ಟರಾಗಿ ನಂಗೂ ಹೊಳೀಲಿಲ್ವಲ್ಲ. ಅಮ್ಮಂಗೆ ಇದನ್ನ ಹೇಳೋದು ಮಾತ್ರ ನೀವೇ."

"ತಮಾಷೆ ಮಾಡ್ಬೇಡ. ಸೋಮವಾರ ಅವರು ಬರ್ತಾರೆ."

"ಬರಬೇಡಿ ಅನ್ನಿ."

"ನೋಡು, ಕಿಂಡಿ ತೆಗೆದಾಯ್ತು. ಇನ್ನೊಂದು ತಿಂಗಳಲ್ಲಿ ಗೋಡೆ ಒಣಗುತ್ತೆ. ಅವರು ಗಾರೆ ಮಾಡಿದ್ರೂ ಒಣಗುತ್ತೆ, ಮಾಡದಿದ್ರೂ ಒಣಗುತ್ತೆ. ಬಿರುಕಂತೂ ಇದೆ, ಇವತ್ತಲ್ಲ ನಾಳೆ ಅದನ್ನ ಮಾಡಿಸ್ಲೇಬೇಕು. ನಾನು ಸುಳ್ಳು ಹೇಳಿದ ಹಾಗಾಗಲ್ಲ."

ನೀಲಾ ಶೂಗಳ ಲೇಸು ಬಿಚ್ಚತೊಡಗಿದಳು. ಅವನು ಮುಂದುವರಿಸಿದ.

"ಎಂಟು ಒಂಬತ್ತು ವರ್ಷಕ್ಕೆ ಒಬ್ಬ ನನ್ನ ಬರಹ ಓದಿ ಬಾ ಅಂದಿದಾನೆ ನೀಲಾ. ಅದೊಂದೇ ಬರಹ. ಅದೇ ತಪ್ಪು ಅಂತ ನಾನೇ ಫೋನ್ ಮಾಡಿ ಹೇಳಿದ್ರೆ ಆಮೇಲೆ ಯಾರು ಕರೀತಾರೆ?"

"ಯಾರೂ ಕರೀದೇ ಇರಬಹುದು," ಎಂದಳು ನೀಲಾ. "ನಾನು ಕೇಸ್ ಶೀಟಲ್ಲಿ ಕಾಯಿಲೆ ಹೆಸರು ತಪ್ಪು ಬರ್ದಿದ್ರೆ, ಮಾರನೇ ದಿನ ರೌಂಡ್ಸಲ್ಲಿ ಎಲ್ಲರ ಮುಂದೆ ಒಂದು ಗೆರೆ ಹೊಡೆದು, ಸರಿಯಾದ್ದು ಬರೆದು, ಸಹಿ ಹಾಕ್ತೀನಿ. ಕಿವಿ ಬಿಸಿಯಾಗುತ್ತೆ. ಹಾಕದೇ ಇದ್ರೆ ರೋಗಿಗೆ ಇಲ್ಲದ ಆಪರೇಷನ್ ಆಗುತ್ತೆ. ಅವರು ಆ ಮುದುಕಿ ಮನೆಯ ಇಡೀ ಗೋಡೆ ಕೆತ್ತಿಹಾಕ್ತಾರೆ, ರೀ. ನಿಮ್ಮ ಸಹಿ ನಂಬಿ."

ಅವನು ಅಂದು ಫೋನ್ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ, ಮಿಸೆಸ್ ಹಾರ್ಗನ್ ಟಿವಿಯಲ್ಲಿ ಚರ್ಚಿನ ಪೂಜೆ ನೋಡಿ ಮುಗಿಸಿರುವ ಹೊತ್ತು ನೋಡಿ ಮಾಡಿದ. ಹಿಂದಿನ ದಿನ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆದುಕೊಂಡಿದ್ದ. ಅವನ್ನು ಓದಿದ. ಬಿರುಕು ಕಾರಣವಲ್ಲ. ಕಾರಣ ಒಳಗಿನ ಹಬೆ. ಗಾಳಿಕಿಂಡಿಯನ್ನು ಮುಚ್ಚಿದ್ದು ನಾನು. ನನ್ನ ವರದಿ ತಪ್ಪು.

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿತು.

"ಹಾಗಾದ್ರೆ ಗೋಡೆಯೊಳಗೆ ಟೆಡ್ ಗಾರೆ ಬೀಳಿಸಿಲ್ಲ?"

"ಬೀಳಿಸಿದಾರೆ ಅನ್ನೋದಕ್ಕೆ ನನ್ನ ಹತ್ರ ಯಾವ ಆಧಾರವೂ ಇಲ್ಲ. ಊಹೆ ಮಾಡಿ ಬರೆದೆ. ಬರೀಬಾರದಿತ್ತು."

"ಎರಡು ವಾರ!" ಎಂದರು ಆಕೆ. "ಎರಡು ವಾರ ನಾನು ಸತ್ತುಹೋದ ಗಂಡನ್ನ ಬೈಕೊಂಡು ಕೂತಿದೀನಿ, ಗೊತ್ತಾ ನಿಮಗೆ? ಅವನ ಫೋಟೊ ನೋಡಿ, ಸೋಮಾರಿ, ಯಾರೂ ನೋಡಲ್ಲ ಅಂತ ಗಾರೆ ಬಿಟ್ಟೆ ಅಲ್ವಾ, ಅಂತ ಅಂದಿದೀನಿ. ಜೋರಾಗಿ ಅಂದಿದೀನಿ."

"ಕ್ಷಮಿಸಿ, ಮಿಸೆಸ್ ಹಾರ್ಗನ್."

"ನನ್ನನ್ನಲ್ಲ, ಅವನನ್ನ ಕೇಳಬೇಕು ನೀವು." ಫೋನ್ ಇಟ್ಟರು.

ಸೋಮವಾರ ಸಾರವೆ ಬರಲಿಲ್ಲ. ಡೊನಾಲ್‌ನಿಂದ ಒಂದು ಸಾಲಿನ ಸಂದೇಶ ಬಂತು: ಹೇಳಿದ್ದಕ್ಕೆ ಥ್ಯಾಂಕ್ಸ್, ಸಾರವೆಯವರಿಗೆ ಬೇಡವೆಂದಿದ್ದೇನೆ. ಕೆಲಸದ ಮಾತಿರಲಿಲ್ಲ. ಚಂದ್ರಕಾಂತ ಪೆನ್ಸಿಲ್ ಗೆರೆಗಳ ತಾರೀಕು, ಮಳೆಯ ದಿನಗಳು, ಮೀಟರಿನ ಅಂಕಿಗಳು, ಇಷ್ಟನ್ನೇ ಒಂದು ಪುಟದಲ್ಲಿ ಬರೆದು, ಹಳೆಯ ವರದಿಯನ್ನು ಹಿಂದೆ ಪಡೆದಿದ್ದೇನೆಂದು ಸೇರಿಸಿ ಇಬ್ಬರಿಗೂ ಕಳಿಸಿದ. ಪದವಿ ಹಾಕಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಹಾಕಿದ. ಉತ್ತರ ಬರಲಿಲ್ಲ.

ಹಬೆಯ ಕೆಟಲ್ ಕಪಾಟು ಸೇರಿತು. ಶಕುಂತಲಮ್ಮನವರು ಅಳಿಯನೊಂದಿಗೆ ನಾಲ್ಕು ದಿನ ಮಾತು ಬಿಟ್ಟರು. ಬಟ್ಟೆ ಸ್ಟ್ಯಾಂಡ್ ಕೆಳಗಿನ ಕೋಣೆಗೆ, ತೆರೆದ ಕಿಟಕಿಯ ಪಕ್ಕಕ್ಕೆ ಬಂತು. ಗೋಡೆಯನ್ನು ಬೂಷ್ಟು ಕೊಲ್ಲುವ ದ್ರವದಿಂದ ಎರಡು ಸಲ ಒರೆಸಿದ. ಫೆಬ್ರವರಿ ಕೊನೆಗೆ ನೀಲಾಳ ಕೆಮ್ಮು ನಿಂತಿತು. ಎರಡನೆಯ ಲಸಿಕೆಯಾಗಿ ಕೆಲವು ವಾರ ಕಳೆದ ಮೇಲೆ ಅವಳು ದೊಡ್ಡ ಕೋಣೆಗೆ ಮರಳಿದಳು. ಹೊರಗೆ ಕೂತು ಹೋಂವರ್ಕ್ ಮಾಡುವುದೇ ಚೆನ್ನಾಗಿತ್ತು, ಈಗ ಅಮ್ಮ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾಳೆ ಎಂದು ಅದಿತಿ ದೂರಿದಳು.

ಏಪ್ರಿಲಿನಲ್ಲಿ, ಎರಡು ದಿನ ಜಡಿಮಳೆ ಸುರಿದ ಮೇಲೆ, ಮಿಸೆಸ್ ಹಾರ್ಗನ್ ಫೋನ್ ಮಾಡಿದರು. ಕ್ಷಮೆಯ ಮಾತಾಗಲೀ ಕುಶಲ ಪ್ರಶ್ನೆಯಾಗಲೀ ಇರಲಿಲ್ಲ.

"ನನ್ನ ಮಲಗೋ ಕೋಣೆ ಗೋಡೇಲಿ ಕಲೆ. ಬಂದು ನೋಡಿ."

"ಡೊನಾಲ್ ಇದಾರಲ್ಲ?"

"ಅವನು ಬೇಡ. ಸೂರಿನ ಅಂಚಿಗೆ ಮಳೆನೀರಿನ ದೋಣಿ ಹಾಕಿದ್ದೇ ಅವನು. ತಾನು ಮಾಡಿದ್ದು ತಪ್ಪು ಅಂತ ಅವನು ಹೇಳಲ್ಲ. ನೀವು ಹೇಳ್ತೀರಿ."

ಅವನು ಹೋದ. ಆಕೆ ಒಳಗೆ ಬಿಡಲಿಲ್ಲ. ಮಲಗುವ ಕೋಣೆ ಕೆಳ ಅಂತಸ್ತಿನಲ್ಲೇ ಇತ್ತು. ಮುಚ್ಚಿದ ಕಿಟಕಿಯ ಆ ಕಡೆ ಆಕೆ, ಈ ಕಡೆ ಹುಲ್ಲಿನ ಮೇಲೆ ಕೊಡೆ ಹಿಡಿದು ಇವನು. ಇನ್ನೂ ಜಿನುಗುತ್ತಿದ್ದ ಮಳೆಯಲ್ಲಿ ತಲೆಯೆತ್ತಿ ನೋಡಿದ. ನೀರಿನ ದೋಣಿಯ ಒಂದು ಜೋಡಣೆ ಕಳಚಿ ಜೋತುಬಿದ್ದಿತ್ತು. ಅಲ್ಲಿಂದ ನೀರು ಧಾರೆಯಾಗಿ ಗೋಡೆಯ ಮೇಲೆ ಇಳಿಯುತ್ತಿತ್ತು. ಹೊರಗಾರೆ ಅಷ್ಟು ಭಾಗ ಕಪ್ಪಾಗಿತ್ತು.

"ಕಂಡ್ತಾ?" ಆಕೆ ಗಾಜಿನ ಹಿಂದಿನಿಂದ ಕೂಗಿದರು.

"ಕಂಡ್ತು. ಕಲೆ ಯಾವತ್ತಿಂದ ಇದೆ?"

"ಅದೇನು ಪ್ರಶ್ನೆ? ನೀರು ಸುರೀತಾ ಇದೆ!"

"ಚಳಿಯಿದ್ದು ಮಳೆಯಿಲ್ಲದ ದಿನಗಳಲ್ಲಿ ಕಲೆ ಬೆಳೆದಿತ್ತಾ? ಒಳಗಿನ ಗಾಳಿಕಿಂಡಿ ತೆರೆದಿದೆಯಾ?"

ಆಕೆ ತಲೆಯೆತ್ತಿ ಗೋಡೆಯತ್ತ ನೋಡಿ ಹೇಳಿದರು: "ಒಂದು ಕಾಲುಚೀಲ ತುರುಕಿದೀನಿ. ಎಲ್ಲರೂ ತುರುಕ್ತಾರೆ. ಗಾಳಿ ಬರುತ್ತೆ."

"ಅದನ್ನ ತೆಗೀರಿ. ಕಲೆ ಸುತ್ತ ಪೆನ್ಸಿಲ್ಲಲ್ಲಿ ಗೆರೆ ಎಳೆದು ಇವತ್ತಿನ ತಾರೀಕು ಹಾಕಿ. ನಾನು ಈ ಜೋಡಣೆ ಸದ್ಯಕ್ಕೆ ಕಟ್ಟಿಹೋಗ್ತೀನಿ. ಶುಕ್ರವಾರ ಬರ್ತೀನಿ."

"ಕಾರಣ ಏನು ಅಂತ ಈಗ ಹೇಳಿ!"

"ಶುಕ್ರವಾರ."

ಆಕೆ ಕೈಚೆಲ್ಲಿ, ಪಕ್ಕದ ಮೇಜಿನಿಂದ ಫೋನ್ ಎತ್ತಿಕೊಂಡು, ಸ್ಪೀಕರ್ ಒತ್ತಿ, ಕಿವುಡರೊಂದಿಗೆ ಮಾತಾಡುವ ಧ್ವನಿಯಲ್ಲಿ ಹೇಳಿದರು: "ಡೊನಾಲ್, ನಿನ್ನ ದೋಣಿ ಕಿತ್ತುಬಂದು ನನ್ನ ಗೋಡೆ ಮೇಲೆ ಹೊಳೆ ಹರೀತಾ ಇದೆ. ನಿನ್ನ ಎಂಜಿನಿಯರ್ ಅದರ ಕೆಳಗೇ ನೆನೀತಾ ನಿಂತಿದಾನೆ. ಅದೇ ಕಾರಣ ಅಂತ ಮಾತ್ರ ಬಾಯಿ ಬಿಡ್ತಿಲ್ಲ. ನಾಲ್ಕು ಪುಟ ಬರೀತಿದ್ದವನಿಗೆ ಏನಾಯ್ತು?"

ಡೊನಾಲ್ ಏನು ಹೇಳಿದನೆಂಬುದು ಗಾಜಿನ ಈ ಕಡೆ ಕೇಳಿಸಲಿಲ್ಲ. ಆಕೆ ಹುಬ್ಬು ಗಂಟಿಕ್ಕಿ ಕೇಳಿ, ಫೋನನ್ನು ಕೆಳಗಿಟ್ಟು, "ನೀವು ಹೇಳಿದ ಹಾಗೇ ಮಾಡ್ಬೇಕಂತೆ" ಎಂದು ಕೂಗಿ, ಒಳಗೆ ಹೋಗಿ ಪೆನ್ಸಿಲ್ ಹುಡುಕತೊಡಗಿದರು. ಚಂದ್ರಕಾಂತ ಕೊಡೆ ಮಡಚಿ, ಶೆಡ್ಡಿನ ಗೋಡೆಗೆ ಒರಗಿಸಿದ್ದ ಟೆಡ್‌ನ ಹಳೆಯ ಏಣಿಯನ್ನು ತಂದು, ಬುಡ ಜಾರದಂತೆ ಹುಲ್ಲಿನಲ್ಲಿ ಊರಿ, ಹತ್ತಿದ.